ಬೆಂಚು ಸಾಗಿಸುವ ದಿನ

ಮೆಟ್ಟಿಲಿನ ತಿರುವಿನಲ್ಲಿ ಬೆಂಚು ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ವರ್ಷವೂ ಅಲ್ಲೇ. ಮೇಲಿನ ತುದಿ ಹಿಡಿದವರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಭಾರವೆಲ್ಲ ಕೆಳಗಿನ ತುದಿ ಹಿಡಿದವರ ಮೇಲೆ ಬೀಳುತ್ತದೆ. ಆಗ ಒಬ್ಬರು ಬೆಂಚಿನ ಅಡಿಗೆ ನುಗ್ಗಿ ಬೆನ್ನು ಕೊಡಬೇಕು. ಬೆನ್ನು ಕೊಟ್ಟವರು ಎದ್ದರೆ ಬೆಂಚು ಏಳುತ್ತದೆ, ತಿರುಗುತ್ತದೆ, ಮುಂದೆ ಹೋಗುತ್ತದೆ.

ಈ ಸಲ ಬೆನ್ನು ಕೊಟ್ಟವಳು ಕಡ್ಡಿ. ಮೂರನೇ ತರಗತಿಯನ್ನು ಅವತ್ತಿಗೆ ಮುಗಿಸಿದ ಹುಡುಗಿ. ಅವಳನ್ನು ಕಡ್ಡಿ ಎಂದು ಮೊದಲು ಕರೆದದ್ದು ಅವಳ ಅಜ್ಜಿಯೇ. ಆಮೇಲೆ ಕೇರಿ ಕರೆಯಿತು, ತರಗತಿ ಕರೆಯಿತು. ಅವಳಿಗೆ ಅದರಲ್ಲಿ ಬೇಸರವಿಲ್ಲ. ಕಡ್ಡಿ ಆಗಿರೋದಕ್ಕೇ ಸಂದಿಯಲ್ಲಿ ತೂರೋಕೆ ಆಗೋದು, ದಪ್ಪ ಇದ್ದಿದ್ರೆ ಬೆಂಚಿನ ಜೊತೆ ನನ್ನನ್ನೂ ಎತ್ತಬೇಕಾಗಿತ್ತು ಎಂದು ಅವಳೇ ಹೇಳಿ ಉಳಿದವರನ್ನು ನಗಿಸಿದ್ದಳು.

ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಅವಳ ಟೀಚರ್ ನಾನು. ಅವಳ ಅಂಗಿ ಮೇಲಕ್ಕೆ ಸರಿದು ಬೆನ್ನುಮೂಳೆಯ ಗಂಟುಗಳು ಕಾಣುತ್ತಿದ್ದವು. ಬೆಂಚಿನ ಅಡಿಯ ಪಟ್ಟಿ ಆ ಗಂಟುಗಳ ಮೇಲೆಯೇ ಕೂತಿತ್ತು. ನಾನು ಕೈ ಹಾಕಲಿಲ್ಲ. ದೊಡ್ಡ ಮೇಡಂ ಕೋಣೆಯ ಬಾಗಿಲು ಮೆಟ್ಟಿಲಿಗೆ ಎದುರಾಗಿದೆ. ಅವತ್ತು ಅದು ತೆರೆದಿತ್ತು.

ತರಗತಿಯ ಉಳಿದ ಮಕ್ಕಳು ಅಂಗಳದ ನೆರಳಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೊನೆಯ ದಿನವಾದ್ದರಿಂದ ಅವರಿಗೆ ಜ್ಯೂಸಿನ ಬಾಟಲಿ ಹಂಚಿದ್ದರು. ಎತ್ತುವವರಿಗೆ ಕೆಲಸ ಮುಗಿದ ಮೇಲೆ. ಉಳಿದರೆ.

ನಮ್ಮ ಶಾಲೆಯ ಬೆಂಚು ಶಾಲೆಯದಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಮನೆಯವರು ಒಂದು ಬೆಂಚು ಕೊಡುತ್ತಾರೆ. ಒಬ್ಬರಿಗೆ ಆಗದಿದ್ದರೆ ಮೂರು ಮನೆಯವರು ಸೇರಿ ಕೊಡುತ್ತಾರೆ. ಒರಗುವ ಹಲಗೆಯ ಮೇಲೆ ಮನೆತನದ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಮಗು ಮೇಲಿನ ತರಗತಿಗೆ ಹೋದಾಗ ಬೆಂಚೂ ಅದರ ಹಿಂದೆ ಹೋಗುತ್ತದೆ. ಬೆಂಚು ಕೊಡದವರ ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ. ಬೆಂಚು ಕೊಡದವರು ಎಂದರೆ ಚರ್ಮದ ಕಾರ್ಖಾನೆಯ ಹಿಂದಿನ ಕೇರಿಯವರು. ಬೇರೆ ಯಾರೂ ಅಲ್ಲ. ಇದರಲ್ಲಿ ಭೇದ ಎಲ್ಲಿದೆ ಎಂದು ದೊಡ್ಡ ಮೇಡಂ ಕೇಳುತ್ತಾರೆ. ಕೊಟ್ಟವರು ಕೂರುತ್ತಾರೆ. ನೀವೂ ಕೊಡಿ, ನೀವೂ ಕೂರಿ.

ಒಮ್ಮೆ ಕೇರಿಯವನೊಬ್ಬ ಕೊಟ್ಟ. ಕಾರ್ಖಾನೆಯಲ್ಲಿ ಚರ್ಮ ಒಣಗಿಸಲು ಬಿಗಿಯುವ ಹಳೆಯ ಚೌಕಟ್ಟುಗಳ ಮರದಿಂದ ತಾನೇ ಬೆಂಚು ಮಾಡಿ, ತಲೆಯ ಮೇಲೆ ಹೊತ್ತು ತಂದ. ಅದಕ್ಕೆ ವಾಸನೆ ಇದೆ ಎಂದರು. ಒಗೆದ ಬಟ್ಟೆಯ ಹಾಗೆ ಅದನ್ನು ಬಿಸಿಲಿಗಿಟ್ಟರು. ಆಮೇಲೆ ವರಾಂಡಕ್ಕೆ ಹಾಕಿದರು. ಈಗಲೂ ಅಲ್ಲೇ ಇದೆ. ಮಕ್ಕಳು ಅದರ ಮೇಲೆ ಚಪ್ಪಲಿ ಇಡುತ್ತಾರೆ.

ಶಾಲೆ ಮುಗಿಸಿ ಹೋದವರ ಬೆಂಚುಗಳು ಉಗ್ರಾಣದಲ್ಲಿ ಒಂದರ ಮೇಲೊಂದು ಬಿದ್ದಿವೆ. ಅವನ್ನು ಕೊಡಬಹುದಲ್ಲ ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ. ಕೊಟ್ಟವರನ್ನು ಕೇಳದೆ ಕೊಡುವ ಹಾಗಿಲ್ಲ ಎಂದರು ಮೇಡಂ. ಹಾಗಾದರೆ ಕೇಳೋಣ ಎಂದೆ. ಅವರೆಲ್ಲ ಎಲ್ಲೆಲ್ಲೋ ಹೋಗಿದ್ದಾರಲ್ಲಮ್ಮ, ಯಾರನ್ನು ಕೇಳೋದು ಎಂದರು. ಮೇಡಂ ನಗುತ್ತಲೇ ಹೇಳಿದರು. ಅವರು ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ.

ಕೊನೆಯ ದಿನ ಬೆಂಚು ಸಾಗಬೇಕು. ಬೆಂಚಿನ ಮಕ್ಕಳಿಗೆ ಚೀಲವಿದೆ, ಡಬ್ಬಿಯಿದೆ, ಬಣ್ಣದ ಪೆಟ್ಟಿಗೆಯಿದೆ. ಚಾಪೆಯ ಮಕ್ಕಳು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರೆ ಮುಗಿಯಿತು. ಅವರ ಕೈ ಖಾಲಿ ಇರುತ್ತದೆ. ಕೈ ಖಾಲಿ ಇರುವವರು ಎತ್ತಲಿ. ಇದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ನಾನು ಇದೇ ಶಾಲೆಯ ಚಾಪೆಯ ಮೇಲೆ ಕೂತು ಓದಿದವಳು. ನಾನೂ ಎತ್ತಿದ್ದೇನೆ. ತಿರುವಿನಲ್ಲಿ ಬೆನ್ನು ಕೊಟ್ಟಿದ್ದೇನೆ.

ನನ್ನ ಅಮ್ಮ ಕಾರ್ಖಾನೆಯಲ್ಲಿ ಚರ್ಮದ ಕೂದಲು ಹೆರೆಯುತ್ತಿದ್ದಳು. ಮೊದಲು ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣ ಅವಳ ಉಗುರುಗಳನ್ನು ತಿಂದುಹಾಕಿದೆ. ಹತ್ತು ಬೆರಳಿನ ತುದಿಯೂ ಮೊಂಡು. ಆ ಬೆರಳುಗಳಿಂದ ಅವಳು ನನ್ನನ್ನು ಕಾಲೇಜಿಗೆ ಕಳಿಸಿದಳು. ಅಲ್ಲಿ ನಾನು ಓದಿದ್ದಕ್ಕಿಂತ ಹೆಚ್ಚಾಗಿ ಮಾತನಾಡಲು ಕಲಿತೆ. ಬಾಯಿಂದ ಹೊರಡುವ ಮೊದಲೇ ಪ್ರತಿ ಪದವನ್ನೂ ತಿರುಗಿಸಿ ನೋಡುತ್ತೇನೆ. ಎಲ್ಲಿ ನೋಯುತ್ತದೆ, ಯಾರಿಗೆ ಚುಚ್ಚುತ್ತದೆ, ಯಾರು ಅದನ್ನು ಹಿಡಿದು ನನ್ನ ಮೇಲೇ ತಿರುಗಿಸಬಹುದು. ಇದು ಜಾಣತನ ಎಂದುಕೊಂಡವರಿದ್ದಾರೆ. ಇದು ಬರೀ ಹೆದರಿಕೆ.

ಟೀಚರುಗಳ ಕೋಣೆಯಲ್ಲಿ ನಾನು ಕಿಟಕಿಯ ಬಳಿ ನಿಲ್ಲುತ್ತೇನೆ. ಕೂರಬೇಡ ಎಂದು ಯಾರೂ ಹೇಳಿಲ್ಲ. ಖಾಲಿ ಕುರ್ಚಿಗಳ ಮೇಲೆ ಬ್ಯಾಗುಗಳಿರುತ್ತವೆ. ನಾನು ಒಳಗೆ ಬಂದಾಗ ಬ್ಯಾಗನ್ನು ಎತ್ತಲು ಯಾರಿಗೂ ನೆನಪಾಗುವುದಿಲ್ಲ, ಅಷ್ಟೆ.

ನನ್ನದು ಒಂದೊಂದೇ ವರ್ಷದ ಕೆಲಸ. ಕೊನೆಯ ದಿನಕ್ಕೆ ಮುಗಿಯುತ್ತದೆ. ಮುಂದಿನ ವರ್ಷ ಇದೆಯೋ ಇಲ್ಲವೋ ಎಂಬುದನ್ನು ಮೇಡಂ ಅದೇ ಸಂಜೆ ಹೇಳುತ್ತಾರೆ. ಅವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇವತ್ತು ಬಾಯಿ ಬಿಡಬೇಡ ಕಣೆ. ನಾನು ಆಯಸ್ಸೆಲ್ಲ ಸುಣ್ಣದ ತೊಟ್ಟೀಲಿ ಕೈ ಇಟ್ಕೊಂಡು ಕಳೆದೆ. ನೀನು ಒಂದು ದಿನ ನಾಲಿಗೆ ಹಿಡಿದಿಟ್ಕೊಂಡಿರು."

ಹೂಂ ಎಂದೆ.

ಚಾಪೆಯ ಸಂಗತಿಯಲ್ಲಿ ನಾನು ಎರಡು ನಾಲಿಗೆ ಇಟ್ಟುಕೊಂಡಿದ್ದೆ. ಅದನ್ನೂ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಚಾಪೆಗಳ ಜಾಗ ಬೆಂಚುಗಳ ಹಿಂದೆ, ಕಸದ ಬುಟ್ಟಿಯ ಪಕ್ಕ. ನೆಲದ ಮೇಲೆ ಕೂತ ಮಗುವಿಗೆ ಅಲ್ಲಿಂದ ಬೋರ್ಡು ಕಾಣುವುದಿಲ್ಲ. ಬೆಂಚಿನ ಕಾಲು ಕಾಣುತ್ತದೆ, ಬೂಟು ಕಾಣುತ್ತದೆ, ಒರಗುವ ಹಲಗೆಯ ಮೇಲಿನ ಹೆಸರುಗಳು ಕಾಣುತ್ತವೆ. ನಾನು ಓದಲು ಕಲಿತದ್ದೇ ಆ ಹೆಸರುಗಳಿಂದ. ಈ ವರ್ಷ ಶುರುವಿನಲ್ಲೇ ನಾನು ಚಾಪೆಗಳನ್ನು ಮುಂದೆ ಹಾಕಿಸಿದೆ, ಬೋರ್ಡಿನ ಬುಡದಲ್ಲಿ. ಬೆಂಚುಗಳನ್ನು ಹಿಂದಕ್ಕೆ ತಳ್ಳಿಸಿದೆ. ಮೇಡಂ ಕೇಳುವ ಮೊದಲೇ ಹೋಗಿ ಹೇಳಿದೆ. ಆ ಮಕ್ಕಳದು ಗಲಾಟೆ ಜಾಸ್ತಿ ಮೇಡಂ, ನನ್ನ ಕಣ್ಣ ಕೆಳಗೇ ಇರಲಿ ಅಂತ ಮುಂದೆ ಕೂರಿಸಿದ್ದೀನಿ. ಮೇಡಂ ಎಲ್ಲರೆದುರು ಮೆಚ್ಚಿದರು. ನೋಡಿ, ಅವರನ್ನು ಹೇಗೆ ನಿಭಾಯಿಸಬೇಕು ಅಂತ ನಿಮಗೇ ಗೊತ್ತಿರೋದು ಎಂದರು.

ಮಕ್ಕಳಿಗೆ ಬೇರೆ ಹೇಳಿದೆ. ಬೆಂಚು ಇಲ್ಲದವರು ಬೋರ್ಡಿಗೆ ಹತ್ತಿರ ಕೂರಬೇಕು, ಇದು ನಿಮ್ಮ ಜಾಗ ಎಂದೆ.

ಮೇಡಂಗೆ ಅದು ಶಿಕ್ಷೆ. ಮಕ್ಕಳಿಗೆ ಅದು ಹಕ್ಕು. ಎರಡೂ ಒಂದೇ ನೆಲದ ಮೇಲೆ ವರ್ಷಪೂರ್ತಿ ನಡೆಯಿತು. ಕಡ್ಡಿ ಓದಲು ಕಲಿತಳು. ತಾತನೂ ಕಲಿತ. ತಾತ ಎಂದರೆ ಅವಳ ವಯಸ್ಸಿನ ಹುಡುಗ. ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಾನೆ, ಕಾಲ ಕೆಟ್ಟುಹೋಯಿತು ಎನ್ನುತ್ತಾನೆ, ಅದಕ್ಕೇ ಆ ಹೆಸರು. ಒಂದು ಮಗು ಎದ್ದು ನಿಂತು ಓದುವಾಗಲೆಲ್ಲ ನನಗೆ ಭಯವಾಗುತ್ತಿತ್ತು. ಸೋಲುವ ಭಯವಲ್ಲ. ಕದ್ದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಂಡವರ ಭಯ.

ಬೆಂಚುಗಳು ಮೇಲೆ ಹೋಗುತ್ತಿರುವಾಗ ನಾನು ಕೆಳಗಿನ ಕೋಣೆ ಖಾಲಿ ಮಾಡುತ್ತಿದ್ದೆ. ಗೋಡೆಯ ಚಿತ್ರಪಟಗಳನ್ನು ಬಿಚ್ಚಿದೆ. ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ಹಾಕಿದೆ. ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ವರ್ಷದ ಅಕ್ಷರಗಳೆಲ್ಲ ಬಕೆಟ್ಟಿನಲ್ಲಿ ಬಿಳಿ ನೀರಾದವು. ಮಕ್ಕಳು ಕಾಗದದಲ್ಲಿ ಮಾಡಿದ ಹಕ್ಕಿಗಳು ದಾರದಲ್ಲಿ ನೇತಾಡುತ್ತಿದ್ದವು. ಅವನ್ನು ಬಿಚ್ಚಿ ಯಾರದು ಯಾರಿಗೆ ಎಂದು ಬೇರೆ ಮಾಡುತ್ತಿದ್ದೆ. ಮೇಲೆ ಬೆಂಚಿನ ಕಾಲುಗಳು ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು. ತಾತನ ಧ್ವನಿ ಕೇಳುತ್ತಿತ್ತು. ನಿಧಾನ, ನಿಧಾನ, ನಿಮ್ಮ ವಯಸ್ಸಿನಲ್ಲಿ ನಾನು ಇಂಥದ್ದು ಎರಡೆರಡು ಎತ್ತುತ್ತಿದ್ದೆ ಎನ್ನುತ್ತಿದ್ದ. ಉಳಿದವರು ಕಿಸಕ್ಕೆಂದು ನಗುತ್ತಿದ್ದರು. ನಕ್ಕರೆ ಕೈ ಸಡಿಲವಾಗುತ್ತದೆ. ಮೇಲೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಬೆಂಚು ಎಲ್ಲಿ ಹೇಗೆ ಇಡಬೇಕೆಂದು ಹೇಳಿಯೂ ಇರಲಿಲ್ಲ. ಬೆಂಚು ಇಡುವುದರಲ್ಲಿ ಹೇಳುವುದೇನಿದೆ ಎಂದುಕೊಂಡಿದ್ದೆ.

ನಾಲ್ಕನೇ ತರಗತಿಯ ಮಿಸ್ ಬಾಗಿಲಲ್ಲಿ ಬಂದು ನಿಂತರು. ಮುಂದಿನ ವರ್ಷ ಈ ಮಕ್ಕಳು ಅವರಿಗೆ ಹೋಗುತ್ತಾರೆ.

"ಸ್ವಲ್ಪ ಮೇಲೆ ಬರ್ತೀರಾ? ನಿಮ್ಮ ಮಕ್ಕಳು ಏನೋ ಮಾಡಿಟ್ಟಿದಾರೆ."

ತರಗತಿಗೆ ಬಹುಮಾನ ಬಂದಾಗ ಅವರು ನಮ್ಮ ಮಕ್ಕಳು.

ನಾನು ಮೇಲೆ ಹೋದೆ. ಕೋಣೆ ಗುಡಿಸಿ ಚೊಕ್ಕಟವಾಗಿತ್ತು. ಬೆಂಚುಗಳೆಲ್ಲ ಹಿಂದಿನ ಗೋಡೆಗೆ ಒತ್ತಿ ಸಾಲಾಗಿ ನಿಂತಿದ್ದವು. ಹಗ್ಗ ಹಿಡಿದು ಅಳೆದ ಹಾಗೆ ನೇರ ಸಾಲು. ಮುಂದೆ, ಬೋರ್ಡಿನ ಬುಡದಲ್ಲಿ, ಅಗಲವಾದ ಖಾಲಿ ನೆಲ. ಆ ನೆಲದ ಅಂಚಿನಲ್ಲಿ ಸುತ್ತಿದ ಚಾಪೆಗಳನ್ನು ಜೋಡಿಸಿಟ್ಟಿದ್ದರು. ಮಕ್ಕಳು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಕಡ್ಡಿಯ ಅಂಗಿಯ ಬೆನ್ನಿಗೆ ಬೆಂಚಿನ ಅಡಿಯ ಜೇಡರ ಬಲೆ ಅಂಟಿತ್ತು.

ಅವರು ತುಂಟತನ ಮಾಡಿರಲಿಲ್ಲ. ಇನ್ನು ಮೇಲೆ ತರಗತಿ ಎಂದರೆ ಹೀಗೇ ಎಂದು ತಿಳಿದಿದ್ದರು. ನಾನು ಹೇಳಿದ್ದನ್ನು ಇಡೀ ಶಾಲೆಯ ನಿಯಮ ಎಂದು ನಂಬಿದ್ದರು. ನಂಬಿದ್ದನ್ನು ಬೆನ್ನ ಮೇಲೆ ಹೊತ್ತು ತಂದು ಇಲ್ಲಿ ಇಟ್ಟಿದ್ದರು.

"ಸರಿ ಇದೆಯಾ ಮಿಸ್?" ಎಂದು ಕೇಳಿದಳು ಕಡ್ಡಿ.

ಅಷ್ಟರಲ್ಲಿ ದೊಡ್ಡ ಮೇಡಂ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಮಂಡಿ ನೋವು. ವರ್ಷಕ್ಕೊಮ್ಮೆ ಮೇಲೆ ಬಂದರೆ ಹೆಚ್ಚು. ಜವಾನ ಬೀಗದ ಕೈ ಗೊಂಚಲು ಹಿಡಿದು ಹಿಂದೆಯೇ ಬಂದ. ರಜೆಗೆ ಮೇಲಿನ ಕೋಣೆಗಳನ್ನು ಮೊದಲು ಮುಚ್ಚುತ್ತಾರೆ. ಮೇಡಂ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡರು. ಆ ಕೋಣೆಗೆ ಅದೊಂದೇ ಬಾಗಿಲು.

ಬೆಂಚುಗಳನ್ನು ಹಿಂದೆ ಯಾಕೆ ಇಟ್ಟಿದ್ದೀರಿ ಎಂದು ಅವರು ಮಕ್ಕಳನ್ನು ಮೆಲ್ಲಗೆ ಕೇಳಿದರು. ತಾತ ಕೈ ಹಿಂದೆ ಕಟ್ಟಿಕೊಂಡು, ಮುಂದೆ ಚಾಪೆ ಬರಬೇಕಲ್ಲ ಮೇಡಂ ಎಂದ. ಚಾಪೆ ಯಾಕೆ ಮುಂದೆ ಬರಬೇಕು ಎಂದು ಕೇಳಿದರು ಮೇಡಂ. ಇದಕ್ಕೆ ಕಡ್ಡಿ ಉತ್ತರ ಕೊಟ್ಟಳು. ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಹೇಳುವಾಗಿನ ಹಾಗೆ ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ.

"ಬೆಂಚು ಇಲ್ಲದವರು ಬೋರ್ಡಿಗೆ ಹತ್ತಿರ ಕೂರಬೇಕು. ಮುಂದಿನ ಜಾಗ ನಮ್ಮದು. ಮಿಸ್ ಹೇಳಿಕೊಟ್ಟಿದ್ದಾರೆ."

ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕೆಂದೂ ನಾನೇ ಕಲಿಸಿದ್ದೆ.

ಮೇಡಂ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಬಹಳ ದಿನದಿಂದ ತೂಕ ಹಾಕುತ್ತಿದ್ದ ವಸ್ತುವಿನ ತೂಕ ಕೊನೆಗೂ ಗೊತ್ತಾದ ಹಾಗೆ ನೋಡಿದರು. ನಾಲ್ಕನೇ ತರಗತಿಯ ಮಿಸ್, ನನಗೆ ಹೀಗೆಲ್ಲ ಆಗಲ್ಲ ಮೇಡಂ, ಬೆಂಚಿನವರು ನಾಳೆ ನನ್ನನ್ನು ಕೇಳುತ್ತಾರೆ ಎಂದರು. ನೆಲದ ಕಡೆ ನೋಡಿಕೊಂಡು ಹೇಳಿದರು.

"ಎಲ್ಲಾನೂ ಮುಂದಕ್ಕೆ ತನ್ನಿ ಮಕ್ಕಳೇ. ಚಾಪೆ ಹಿಂದೆ ಹೋಗಲಿ" ಎಂದರು ಮೇಡಂ.

ಮಕ್ಕಳು ಮೇಡಂ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ನಾನು ನನ್ನ ಕೈ ನೋಡಿಕೊಂಡೆ. ಅದರಲ್ಲಿ ಇನ್ನೂ ಒಂದು ಕಾಗದದ ಹಕ್ಕಿ ಇತ್ತು.

ಕಡ್ಡಿ ಕೂತಳು. ಯಾರನ್ನೂ ಎದುರಿಸುವ ಠೀವಿ ಇರಲಿಲ್ಲ. ಕಾಲು ಸೋತವರು ಕೂರುವ ಹಾಗೆ ಖಾಲಿ ನೆಲದ ನಡುವೆ ಕೂತಳು. ಕೂತ ಮೇಲೆ ಹೇಳಿದಳು.

"ಮತ್ತೆ ಎತ್ತಲ್ಲ. ನನ್ನ ಬೆನ್ನು ಉರೀತಿದೆ."

ತಾತ ಕೂತ. ಉಳಿದವರೂ ಕೂತರು. ಒಬ್ಬ ಹುಡುಗಿ ಅಳು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಅವರಿಗೆ ಹೆದರಿಕೆ ಇರಲಿಲ್ಲ ಎಂದಲ್ಲ.

ಮೇಡಂ ನನ್ನತ್ತ ತಿರುಗಿ, ಮಕ್ಕಳು ಏನೋ ತಪ್ಪು ತಿಳಿದುಕೊಂಡಿದ್ದಾರೆ, ನೀವೇ ತಿಳಿಸಿ ಹೇಳಿ ಎಂದರು. ನಾನು ಬಾಯಿ ತೆರೆದೆ. ನನ್ನ ಬಳಿ ಇಂಥ ಹೊತ್ತಿಗೆ ವಾಕ್ಯಗಳಿರುತ್ತವೆ. ಒಂದು ಆರಿಸಿಕೊಂಡೆ. ಒಂದೊಂದು ಕೋಣೆಗೆ ಒಂದೊಂದು ವ್ಯವಸ್ಥೆ ಇರುತ್ತದೆ ಮಕ್ಕಳೇ ಎಂದೆ. ಅದು ಕೆಳಗಿನ ಕೋಣೆಯ ವ್ಯವಸ್ಥೆ, ಇಲ್ಲಿಯದು ಬೇರೆ ಎಂದೆ. ನನ್ನ ಧ್ವನಿ ಚೆನ್ನಾಗಿತ್ತು. ಎಲ್ಲೂ ನಡುಗಲಿಲ್ಲ. ಅದನ್ನು ಕೇಳಿ ನನಗೇ ಅಸಹ್ಯವಾಯಿತು.

ಕಡ್ಡಿ ಕೂತಲ್ಲಿಂದಲೇ ತಲೆ ಎತ್ತಿ ಕೇಳಿದಳು.

"ಹಾಗಾದ್ರೆ ನೀವು ಹೇಳಿದ್ದು ಸುಳ್ಳಾ ಮಿಸ್?"

ದೂರುವ ಧ್ವನಿಯಲ್ಲ. ಅರ್ಥವಾಗದ ಲೆಕ್ಕವನ್ನು ಇನ್ನೊಂದು ಸಲ ಕೇಳುವ ಧ್ವನಿ. ಸುಳ್ಳಲ್ಲ ಎಂದೆ. ಅಷ್ಟನ್ನೇ ಹೇಳಿದೆ.

ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. ಎಲ್ಲರೆದುರು ಅವರು ನನ್ನನ್ನು ನೀವು ಎನ್ನುತ್ತಾರೆ. ಒಬ್ಬಳೇ ಸಿಕ್ಕಾಗ ನೀನು.

"ನೋಡಮ್ಮ, ನಿನ್ನನ್ನ ನಾನು ಮಗಳ ಹಾಗೆ ನೋಡ್ಕೊಂಡಿದೀನಿ. ನಿಮ್ಮ ಕೇರಿಯಿಂದ ಇನ್ನೊಬ್ಬಳು ಈ ಶಾಲೇಲಿ ಸೀಮೆಸುಣ್ಣ ಹಿಡಿದಿದಾಳಾ? ಮುಂದಿನ ವರ್ಷಕ್ಕೂ ನೀನೇ ಅಂತ ಆಗಲೇ ಮೇಲಿನವರಿಗೆ ಹೇಳಿದೀನಿ. ಮಕ್ಕಳನ್ನ ಒಪ್ಪಿಸು. ನಾನು ಈ ವಿಷಯ ಇಲ್ಲಿಗೇ ಮರೀತೀನಿ."

ಆಗಲ್ಲ ಎಂದರೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕೆಳಗೆ ಅಂಗಳದಲ್ಲಿ ಯಾರೋ ಬಾಟಲಿಗೆ ಊದಿ ಸದ್ದು ಮಾಡುತ್ತಿದ್ದರು. ನನಗೆ ಅಮ್ಮನ ಬೆರಳುಗಳು ನೆನಪಾದವು. ಕೆಲಸ ಹೋದರೆ ಈ ಊರಿನಲ್ಲಿ ನನಗೆ ಇರುವುದು ಅದೇ ತೊಟ್ಟಿ. ಕಾಲೇಜು ಓದಿದವಳಿಗೆಂದು ಅಲ್ಲಿ ಸುಣ್ಣ ತಣ್ಣಗಿರುವುದಿಲ್ಲ. ಮಕ್ಕಳಿಗೆ ಮತ್ತೆ ಸುಳ್ಳು ಹೇಳಲು ನನ್ನಿಂದಾಗದು. ಕೆಲಸ ಬಿಡಲೂ ಆಗದು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಿದ್ದೆ.

ಆಮೇಲೆ ಒಂದು ದಾರಿ ಹೊಳೆಯಿತು. ನನ್ನಂಥವರಿಗೆ ಯಾವಾಗಲೂ ಒಂದು ದಾರಿ ಹೊಳೆಯುತ್ತದೆ.

ಮಕ್ಕಳಿಗೆ ಆಯಾಸವಾಗಿದೆ ಮೇಡಂ, ಬೆಂಚುಗಳನ್ನು ನಾನೇ ಸರಿಸುತ್ತೇನೆ ಎಂದೆ.

ಮೇಡಂ ನನ್ನ ಮುಖ ನೋಡಿದರು. ತುಟಿಯ ಒಂದು ಮೂಲೆ ಮೇಲೆ ಹೋಯಿತು. ಸರಿ, ಅವರೆದುರಿಗೇ ಮಾಡು ಎಂದರು.

ನನಗೆ ಎಷ್ಟು ಹಗುರವಾಯಿತು ಎಂದರೆ, ಕೋಣೆಯೊಳಗೆ ಬಹುತೇಕ ಓಡುತ್ತಲೇ ಹೋದೆ. ಮಕ್ಕಳು ಎತ್ತಬೇಕಾಗಿಲ್ಲ. ನಾನು ಸುಳ್ಳು ಹೇಳಬೇಕಾಗಿಲ್ಲ. ಬರೀ ಮರ. ಎಳೆದರೆ ಮುಗಿಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ಬೆಂಚಿನ ಒಂದು ತುದಿ ಹಿಡಿದೆ. ಹಲಗೆಯ ಮೇಲೆ ದೊಡ್ಡ ಮನೆತನವೊಂದರ ಹೆಸರಿತ್ತು. ಎತ್ತಿದೆ. ಒಂದು ತುದಿ ಎದ್ದಿತು, ಇನ್ನೊಂದು ನೆಲ ಕೆರೆಯಿತು. ಕಿರ್ರೆಂದಿತು. ನೆಲ ಗೀರುತ್ತದೆ ಎಂದು ನಾಲ್ಕನೇ ತರಗತಿಯ ಮಿಸ್ ಕಿವಿ ಮುಚ್ಚಿಕೊಂಡರು. ಜವಾನ ಒಂದು ಹೆಜ್ಜೆ ಮುಂದಿಟ್ಟ. ಮೇಡಂ ಕಣ್ಣಲ್ಲೇ ಅವನನ್ನು ತಡೆದರು. ನಾನು ಸೊಂಟ ಬಗ್ಗಿಸಿ ಮತ್ತೆ ಎಳೆದೆ. ಎರಡು ಗೇಣು ಬಂದಿತು. ಇಷ್ಟು ವರ್ಷದ ಮೇಲೂ ಬೆಂಚಿನ ತೂಕ ನನ್ನ ಕೈಗೆ ಗೊತ್ತಿತ್ತು. ಎಲ್ಲಿ ಹಿಡಿದರೆ ಬೆರಳು ಸಿಕ್ಕಿಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು.

ಆಗ ಇನ್ನೊಂದು ತುದಿ ಹಗುರಾಯಿತು.

ತಲೆ ಎತ್ತಿ ನೋಡಿದೆ. ಕಡ್ಡಿ. ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡು ಆ ತುದಿಗೆ ಕೈ ಹಾಕಿದ್ದಳು. ಎತ್ತುವಾಗ ಬೆನ್ನು ನೋಯಿತೆಂದು ಕಾಣುತ್ತದೆ, ಮುಖ ಕಿವುಚಿಕೊಂಡಿತ್ತು.

"ಬಿಡಿ ಮಿಸ್, ನಿಮ್ಮೊಬ್ಬರ ಕೈಲಿ ಆಗಲ್ಲ. ನಾವಿದೀವಲ್ಲ."

ತಾತ ಎದ್ದ. ಅಯ್ಯೋ, ಟೀಚರ್ ಎತ್ತೋದು ಅಂದ್ರೇನು, ನಮ್ಮ ಮಾನ ಹೋಗಲ್ವಾ ಎಂದುಕೊಂಡು ಬಂದ. ತುಟಿ ಕಚ್ಚಿಕೊಂಡ ಹುಡುಗಿ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮೇಡಂ ಹೇಳಿದಾಗ ಕೂತವರು. ಯಾರ ಬಾಯಿಗೂ ಬಗ್ಗದವರು. ನನಗಾಗಿ ಎದ್ದು ಬಂದರು. ಅವರ ಮುಖದಲ್ಲಿ ಬೇಸರ ಕೂಡ ಇರಲಿಲ್ಲ.

ನಾನು ಮೇಡಂ ಕಡೆ ನೋಡಿದೆ. ಅವರಿಗೆ ಆಶ್ಚರ್ಯವಾಗಿರಲಿಲ್ಲ. ಅವರು ಇದನ್ನೇ ಕಾಯುತ್ತಿದ್ದರು. ಆಗಲೇ ಅರ್ಧ ತಿರುಗಿ, ಪಕ್ಕದ ಕೋಣೆಯ ಬೀಗ ಹಾಕಿ ಆಯಿತೇ ಎಂದು ಜವಾನನನ್ನು ಕೇಳುತ್ತಿದ್ದರು.

ಆಗ ನನ್ನ ಕೆಲಸ ಏನೆಂದು ನನಗೆ ತಿಳಿಯಿತು. ಪಾಠ ಹೇಳಲು ಬೇರೆಯವರು ಸಿಗುತ್ತಿದ್ದರು. ಈ ಮಕ್ಕಳು ಪ್ರೀತಿಯಿಂದ ಎತ್ತುವ ಹಾಗೆ ಮಾಡಲು ಕೇರಿಯವಳೇ ಬೇಕಿತ್ತು. ಮುಂದಿನ ವರ್ಷವೂ ಬೇಕು. ಅದರ ಮುಂದಿನ ವರ್ಷವೂ. ನನಗೆ ನೋವಾಗುತ್ತದೆ ಎಂದರೆ ಸಾಕು, ಇವರು ಬೆನ್ನು ಕೊಡುತ್ತಾರೆ.

"ಕೆಳಗಿಡು" ಎಂದೆ.

"ಇಲ್ಲಲ್ಲ ಮಿಸ್, ಇನ್ನೂ ಮುಂದೆ ಹೋಗಬೇಕು" ಎಂದಳು ಕಡ್ಡಿ.

"ಗೊತ್ತು. ಇಲ್ಲೇ ಇಡು. ಕಾಲು ನೋಡ್ಕೊ."

ಇಬ್ಬರೂ ಇಳಿಸಿದೆವು. ಬೆಂಚು ಕೋಣೆಯ ನಡುವೆ ಓರೆಯಾಗಿ ನಿಂತಿತು. ಮಕ್ಕಳು ಇನ್ನೊಂದು ಬೆಂಚಿನ ಕಡೆ ಹೊರಟಿದ್ದರು. ಮುಟ್ಟಬೇಡಿ ಎಂದೆ. ಯಾರೂ ಮುಟ್ಟಬಾರದು.

ಮೇಡಂ ತಿರುಗಿದರು. ಏನಮ್ಮ ಎಂದರು.

"ನಾನು ಎತ್ತಲ್ಲ ಮೇಡಂ. ಇವರೂ ಎತ್ತಲ್ಲ. ಮುಂದಿನ ಜಾಗ ಇವರದ್ದು ಅಂತ ನಾನೇ ಹೇಳಿದ್ದು. ಗಲಾಟೆ ಮಾಡ್ತಾರೆ ಅಂತ ಮುಂದೆ ಕೂರಿಸಿದ್ದಲ್ಲ. ಅದು ನಿಮಗೆ ಹೇಳಿದ ಸುಳ್ಳು."

ಹೇಳುವ ಮೊದಲು ಒಂದು ಪದವನ್ನೂ ತಿರುಗಿಸಿ ನೋಡಿರಲಿಲ್ಲ. ಸಂಜೆ ಅಮ್ಮನ ಎದುರು ನಿಲ್ಲುವುದು ಹೇಗೆಂದು ಆಗಲೇ ಯೋಚನೆ ಹತ್ತಿತ್ತು.

ಮೇಡಂ ಕಿರುಚಲಿಲ್ಲ. ಬೆಂಚನ್ನು ನೋಡಿದರು, ಮಕ್ಕಳನ್ನು ನೋಡಿದರು. ನಾಲ್ಕನೇ ತರಗತಿಯ ಮಿಸ್ಸನ್ನು ಹೊರಗೆ ಕರೆದರು. ಆಮೇಲೆ ಜವಾನನಿಗೆ, ಯಾವಾಗಲೂ ಹೇಳುವಷ್ಟೇ ಮೆಲ್ಲಗೆ, ಬಾಗಿಲು ಹಾಕು, ಬೆಂಚೆಲ್ಲ ಮುಂದೆ ಬರುವ ತನಕ ತೆಗೆಯಬೇಡ ಎಂದರು. ಜವಾನ ನನ್ನ ಕಡೆ ನೋಡಿದ. ಟೀಚರೂ ಒಳಗಿದ್ದಾರಲ್ಲ ಮೇಡಂ ಎಂದ. ಇರಲಿ ಎಂದರು. ಅವರವರು ಮಾತಾಡಿಕೊಳ್ಳಲಿ.

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಮೇಡಂ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳಿಸಿತು. ಕೆಳಗೆ ತಾಯಂದಿರು ಬಂದು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಗೇಟು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೋಣೆಯೊಳಗೆ ಬಿಸಿ ಏರತೊಡಗಿತ್ತು. ಕಿಟಕಿ ತೆಗೆದೆ. ಅದಕ್ಕೆ ಕಬ್ಬಿಣದ ಸರಳುಗಳಿದ್ದವು.

ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಕಡ್ಡಿ ಕೈ ಹಿಂದೆ ಮಾಡಿ ಬೆನ್ನಿನ ಉರಿಯುವ ಜಾಗ ಮುಟ್ಟಿ ನೋಡಿಕೊಂಡಳು.

"ಮಿಸ್, ಈಗ ಏನು ಮಾಡೋದು?"

ಗೊತ್ತಿಲ್ಲ ಎಂದೇ ಹೇಳಿದೆ. ಆಮೇಲೆ, ಕೂತ್ಕೊಳ್ಳಿ ಎಂದೆ.

ಎಲ್ಲಿ ಎಂದು ಯಾರೂ ಕೇಳಲಿಲ್ಲ. ಚಾಪೆಗಳನ್ನು ಬಿಡಿಸಿದರು. ಬೋರ್ಡಿನ ಎದುರು ಹಾಸಿದರು. ಹಿಂದೆ ಬೆಂಚುಗಳು ಖಾಲಿ ನಿಂತಿದ್ದವು. ಬಾಗಿಲ ಆಚೆ ಜವಾನ ಕಾಲು ಬದಲಿಸುವುದು ಕೇಳುತ್ತಿತ್ತು. ಅವನು ಹೋಗಲೂ ಇಲ್ಲ, ಚಿಲಕ ತೆಗೆಯಲೂ ಇಲ್ಲ.